ಲೇಬಲ್ ಇಲ್ಲದೆ ಕನ್ನಡ ರ‍್ಯಾಪ್ ಮಾಡೋದು ಹೇಗೆ

ನನ್ನ ಮೊದಲ ಹಾಡಿನ ಎರಡನೇ ವರ್ಸ್‌ನಲ್ಲಿ (ಅಂದರೆ ಚರಣದಲ್ಲಿ) ಒಂದು ಕುಕ್ಕರ್ ಕೂಗುತ್ತದೆ. ಪಕ್ಕದ ಮನೆಯದು. ಮಿಕ್ಸ್ ಮಾಡುವಾಗ, ಅಂದರೆ ಧ್ವನಿ, ಸಂಗೀತ ಎಲ್ಲ ಹದವಾಗಿ ಸೇರಿಸುವಾಗ, ಎಷ್ಟು ಒದ್ದಾಡಿದರೂ ಅದನ್ನು ತೆಗೆಯೋಕೆ ಆಗಲಿಲ್ಲ, ಹಾಗೇ ಹಾಕಿಬಿಟ್ಟೆ. ಕೇಳಿದವರಲ್ಲಿ ಕೆಲವರು ಅದು ಬೇಕಂತಲೇ ಸೇರಿಸಿದ ಸೌಂಡ್ ಅಂದುಕೊಂಡರು. ನಾನೂ ಹೌದು ಅಂತಲೇ ಹೇಳಿಕೊಂಡು ಬಂದಿದ್ದೇನೆ.

ನಾನು ತುಮಕೂರು ಕಡೆಯವನು. ಹಗಲು ಬೆಂಗಳೂರಿನ ಒಂದು ಗೋದಾಮಿನಲ್ಲಿ ಕೆಲಸ, ರಾತ್ರಿ ಹಾಡು. ಫೇಮಸ್ ಏನಲ್ಲ. ಆದರೂ ಇನ್‌ಬಾಕ್ಸಿಗೆ "ಅಣ್ಣಾ, ರ‍್ಯಾಪ್ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ" ಅಂತ ಮೆಸೇಜ್ ಬರ್ತಾನೇ ಇರುತ್ತೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೆ ಲೇಬಲ್ (ಮ್ಯೂಸಿಕ್ ಕಂಪನಿ) ಇಲ್ಲದೆ ಹಾಡು ಮಾಡೋದು ಹೇಗೆ ಅಂತ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಒಂದು ಕಾಲದಲ್ಲಿ ಬೆಂಗಳೂರು ರ‍್ಯಾಪ್ ಅಂದರೆ ಇಂಗ್ಲಿಷ್. ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್ ಸೇರಿ 'ಮಚಾಸ್ ವಿತ್ ಆಟಿಟ್ಯೂಡ್' ಅಂತ ತಂಡ ಕಟ್ಟಿದ್ದರು. ಕನ್ನಡದಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್ಟೋ, ಎಂಸಿ ಬಿಜ್ಜು ಇವರೆಲ್ಲ ದಾರಿ ಮಾಡಿಕೊಟ್ಟರು. 2018ರಲ್ಲಿ ಚಂದನ್ ಶೆಟ್ಟಿ ಬಿಗ್ ಬಾಸ್ ಗೆದ್ದ ಮೇಲೆ ನಮ್ಮ ಅಜ್ಜಿಗೂ ರ‍್ಯಾಪ್ ಅನ್ನೋ ಪದ ಗೊತ್ತಾಯಿತು. ಹಾಗಾಗಿ "ಕನ್ನಡದಲ್ಲಿ ಇದೆಲ್ಲ ಆಗುತ್ತಾ" ಅನ್ನೋ ಪ್ರಶ್ನೆ ಮುಗಿದು ಎಷ್ಟೋ ವರ್ಷ ಆಯಿತು. ನೀವು ಅಲ್ಲಿಂದ ಶುರು ಮಾಡಬೇಕಾಗಿಲ್ಲ.

ಮೊದಲು ಲೆಕ್ಕ, ಆಮೇಲೆ ಸಾಹಿತ್ಯ

ಬೀಟ್ (ಹಾಡಿನ ಹಿಂದಿನ ಸಂಗೀತ) ಹಾಕಿ, ತಲೆ ಆಡಿಸಿ. ಒಂದು, ಎರಡು, ಮೂರು, ನಾಲ್ಕು. ಈ ನಾಲ್ಕು ಪೆಟ್ಟು ಸೇರಿದರೆ ಒಂದು ಬಾರ್. ಸಾಮಾನ್ಯವಾಗಿ 16 ಬಾರ್‌ಗೆ ಒಂದು ವರ್ಸ್. 90 ಬಿಪಿಎಂ ಅಂದರೆ ನಿಮಿಷಕ್ಕೆ 90 ಪೆಟ್ಟು, ಆ ಲೆಕ್ಕದಲ್ಲಿ ಒಂದು ಬಾರ್‌ಗೆ ಸಿಗೋದು ಸುಮಾರು 2.7 ಸೆಕೆಂಡು, ಇಡೀ ವರ್ಸ್‌ಗೆ 43 ಸೆಕೆಂಡು. ಊರು ಬಿಟ್ಟಿದ್ದು, ಲವ್ ಕೈಕೊಟ್ಟಿದ್ದು, ಅಪ್ಪ ಬೈದಿದ್ದು ಎಲ್ಲ ಹೇಳೋಕೆ ಮುಕ್ಕಾಲು ನಿಮಿಷವೂ ಇಲ್ಲ. ಅದಕ್ಕೇ ಒಂದು ವರ್ಸ್‌ಗೆ ಒಂದೇ ವಿಷಯ ಇಟ್ಟುಕೊಳ್ಳಿ.

ಈಗ ಒಂದೊಂದು ಪೆಟ್ಟಿಗೂ ನಾಲ್ಕು ಅಕ್ಷರ ಹಾಕಿ: ತಕಧಿಮಿ. ಬಾರ್‌ಗೆ 16 ಅಕ್ಷರ ಆಯಿತು. 90 ಬಿಪಿಎಂನಲ್ಲಿ ಇದು ಸೆಕೆಂಡಿಗೆ 6 ಅಕ್ಷರ, ಆರಾಮಾಗಿ ಬಾಯಿ ತಿರುಗುತ್ತದೆ. ಅದೇ 140ರ ಟ್ರ್ಯಾಪ್ ಬೀಟ್‌ನಲ್ಲಿ ಸೆಕೆಂಡಿಗೆ 9 ದಾಟುತ್ತದೆ, ಶುರುವಿನಲ್ಲಿ ನಾಲಿಗೆ ಕಚ್ಚಿಕೊಳ್ಳುತ್ತೀರಿ. ಅಂಥ ಬೀಟ್ ಸಿಕ್ಕರೆ ಅದನ್ನು 70 ಅಂತ ಎಣಿಸಿಕೊಂಡು ಹಾಡಿ. ಇನ್ನು ಪೆಟ್ಟಿಗೆ ಮೂರು ಅಕ್ಷರ ಹಾಕಿದರೆ ತಕಿಟ, ತಕಿಟ. ಟ್ರಿಪ್ಲೆಟ್ ಫ್ಲೋ ಅಂತ ಅರ್ಧರ್ಧ ಗಂಟೆ ವಿಡಿಯೋ ಮಾಡಿ ಹೇಳಿಕೊಡೋದು ಇದನ್ನೇ. ಭಜನೆ ಮನೆಯಲ್ಲಿ ತಾಳ ಹಾಕಿದವರಿಗೆ, ಚೆಂಡೆ ಕೇಳಿ ಬೆಳೆದವರಿಗೆ ಇದು ಮೈಯಲ್ಲೇ ಇದೆ.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಅಂತ ಕೊಡುತ್ತಿದ್ದರು ನೋಡಿ, ಎಷ್ಟು ಬೈಕೊಂಡಿದ್ದೆವು ಅಲ್ವಾ? ನನಗೆ ಅದರಲ್ಲಿ ಬರುತ್ತಿದ್ದದ್ದು ಸೊನ್ನೆ. ಈಗ ವಾರಕ್ಕೆ ಎರಡು ಸಲವಾದರೂ ಪ್ರಸ್ತಾರ ಹಾಕುತ್ತೇನೆ. ಭಾಮಿನಿ ಷಟ್ಪದಿಯ ಚಿಕ್ಕ ಸಾಲು 3-4-3-4, ಒಟ್ಟು 14 ಮಾತ್ರೆ. ನಿಮ್ಮ ಬಾರ್‌ನಲ್ಲಿ, ತಕಧಿಮಿಯ ಒಂದು ಅಕ್ಷರಕ್ಕೆ ಒಂದು ಮಾತ್ರೆ ಅಂತ ಹಿಡಿದರೆ, ಇರೋದು 16. ಉಳಿದ 2 ನಿಮ್ಮ ಉಸಿರು! ಇದು ಹೊಳೆದ ದಿನ ನಾನು ಗೋದಾಮಿನಲ್ಲಿ ಒಬ್ಬನೇ ನಗುತ್ತಾ ನಿಂತಿದ್ದೆ. ಹೀಗೆ ಹೇಳಿ ನೋಡಿ:

ಊರು ಬಿಟ್ಟೆನು ಚೀಲ ಹೊತ್ತೆನು
ಬಸ್ಸು ಹತ್ತಿದೆ ಜೇಬು ಖಾಲಿಯೆ

ಊ-ರು ಮೂರು ಮಾತ್ರೆ, ಬಿಟ್-ಟೆ-ನು ನಾಲ್ಕು, ಚೀ-ಲ ಮೂರು, ಹೊತ್-ತೆ-ನು ನಾಲ್ಕು. ಕೊನೆಗೆ ಎರಡು ಮಾತ್ರೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಮುಂದಿನ ಸಾಲು ಹಿಡಿಯಿರಿ. ಮಾತು ಸ್ವಲ್ಪ ನಾಟಕದ ಕನ್ನಡ ಥರ ಇದೆ, ಒಪ್ಪುತ್ತೇನೆ. ಅಭ್ಯಾಸಕ್ಕೆ ಅಂತ ಬರೆದದ್ದು. ಆದರೆ 3-4 ನಡೆ ಪೆಟ್ಟಿನ ಮೇಲೆ ನೇರ ಬೀಳದೆ ಆ ಕಡೆ ಈ ಕಡೆ ಜಾರುತ್ತಲ್ಲ, ಆ ಜಾರುವುದೇ ಮಜಾ. ಕುಮಾರವ್ಯಾಸ ಹತ್ತು ಪರ್ವ ಅದರಲ್ಲೇ ಓಡಿಸಿದ, ನಮಗೆ 16 ಬಾರ್ ಆಗಲ್ವಾ?

ಪ್ರಾಸ

ಹೊಸಬರ ಹಾಡು ಕೇಳಿದರೆ ಮೊದಲ ಹತ್ತು ಸೆಕೆಂಡಿನಲ್ಲೇ ಸಿಗುವ ತಪ್ಪು ಇದು:

ಬೆಳಗ್ಗೆ ಏಳ್ತೀನಿ, ಬಸ್ಸು ಹತ್ತೀನಿ
ಕೆಲಸ ಮಾಡ್ತೀನಿ, ಕನಸು ಕಾಣ್ತೀನಿ

ಇದು ಪ್ರಾಸ ಅಲ್ಲ, ಬರೀ ಕ್ರಿಯಾಪದದ ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಈ ಬಾಲ ಬಿಟ್ಟಿ ಸಿಗುತ್ತದೆ. ಬಿಟ್ಟಿ ಸಿಕ್ಕಿದ್ದು ಕೇಳುವವನಿಗೂ ಗೊತ್ತಾಗುತ್ತೆ. ಮದ್ದು ಏನಂದರೆ, ಸಾಲಿನ ಕೊನೆಗೆ ಕ್ರಿಯಾಪದದ ಬದಲು ನಾಮಪದ ತನ್ನಿ, ಅದೂ ಕಣ್ಣಿಗೆ ಕಾಣುವಂಥದ್ದು:

ಮೆಜೆಸ್ಟಿಕ್ಕಲ್ಲಿ ಇಳಿದಾಗ ಕೈಲಿದ್ದದ್ದು ಒಂದು ಚೀಲ
ಅಪ್ಪನ ಹೆಸರಲ್ಲಿ ಊರ ಸೊಸೈಟೀಲಿ ಸಾಲ

ಚೀಲ, ಸಾಲ. ಎರಡೇ ವಸ್ತು, ಅವನು ಯಾರು ಅಂತ ತಿಳಿದುಹೋಯಿತು.

ಇನ್ನೊಂದು ಆಯುಧ ಇದೆ. ಇಂಗ್ಲಿಷ್ ರ‍್ಯಾಪರ್‌ಗಳು ಹೆಚ್ಚಾಗಿ ಸಾಲಿನ ಕೊನೆಗೆ ಪ್ರಾಸ ಹುಡುಕುತ್ತಾರೆ. ನಮ್ಮ ಹಳೇ ಕವಿಗಳು ಸಾಲಿನ ತಲೆಗೇ ಇಡುತ್ತಿದ್ದರು, ಎರಡನೇ ಅಕ್ಷರಕ್ಕೆ. ಎರಡನ್ನೂ ಸೇರಿಸಿ ನೋಡಿ:

ಬಾಡಿಗೆ ಕಟ್ಟೋ ತಾರೀಖಿಗೆ ಜೇಬೆಲ್ಲ ಖಾಲಿ
ಹಾಡಿಗೆ ಕಾಸಿಲ್ಲಂತಾರೆ, ಚಪ್ಪಾಳೆ ಮಾತ್ರ ಕೂಲಿ
ಗೋಡೆಗೆ ಕಂಬಳಿ ಹೊದೆಸಿ ಹಾಡ್ತಿದ್ರೆ ರಾತ್ರಿ
ಓಡೋಡಿ ಬಂದ ಓನರ್ ಅಂದ, ತಲೆ ಕೆಟ್ಟಿರೋದು ಖಾತ್ರಿ

ನಾಲ್ಕೂ ಸಾಲಿನ ಎರಡನೇ ಅಕ್ಷರ 'ಡ'ಕಾರ, ಅದರ ಹಿಂದಿನದು ದೀರ್ಘ. ಇದಕ್ಕೆ ಗಜಪ್ರಾಸ ಅಂತ ಹೆಸರು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಇಂಥವು ಆರು ಇವೆ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಕಿವಿ ಹಿಡಿಯುತ್ತದೆ. ಸ್ಟೇಜಿನಲ್ಲಿ ಜನ ಸಾಲಿನ ಕೊನೆಗೆ ಕೂಗಿದರೆ, ನೀವು ತಲೆಯಲ್ಲೇ ಹೊಡೆದಿರುತ್ತೀರಿ.

ಮತ್ತೆ ನಿಮ್ಮ ಊರಿನ ಮಾತು ಬಿಡಬೇಡಿ. ನಾನು ಮೊದಲು ಬರೆದದ್ದೆಲ್ಲ ಬರೀ ಗನ್ನು, ಗ್ಯಾಂಗು, ಅಮೆರಿಕದವರು ತಮ್ಮ ಏರಿಯಾಗೆ ಹೇಳೋ ಥರ "ನನ್ನ ಬ್ಲಾಕು". ನಮ್ಮೂರಲ್ಲಿ ಬ್ಲಾಕ್ ಅಂದರೆ ಸಿಮೆಂಟ್ ಬ್ಲಾಕ್. ಗೆಳೆಯನೊಬ್ಬ ಪೂರ್ತಿ ಕೇಳಿ, "ಮಗಾ, ನೀನು ಗಾರೆ ಕೆಲಸದ ಬಗ್ಗೆ ಹಾಡಿದ್ದಾ?" ಅಂದ. ಹುಬ್ಬಳ್ಳಿಯವರು "ಏನ್ ಮಾಡಾಕತ್ತಿ" ಅಂತಲೇ ಹಾಡಬೇಕು, ಮೈಸೂರಿನವರು ಮೈಸೂರಿನ ಥರ. ಬೆಂಗಳೂರಿನವರಿಗೆ ಅರ್ಥ ಆಗುತ್ತೋ ಇಲ್ಲವೋ ಅಂತ ತಿದ್ದಿದ ಹಾಡು ಕೊನೆಗೆ ಯಾರ ಮಾತೂ ಆಗಿರುವುದಿಲ್ಲ. ಬರೆದದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಊರಿನ ಗೆಳೆಯನಿಗೆ ಕಳಿಸಿ. ಅವನು "ಹಿಂಗ್ಯಾರು ಮಾತಾಡ್ತಾರೆ" ಅಂದ ಸಾಲನ್ನು ಅಲ್ಲೇ ಹೊಡೆದು ಹಾಕಿ.

ಫ್ರೀಸ್ಟೈಲ್ (ಬರೆದುಕೊಳ್ಳದೆ ನಿಂತಲ್ಲೇ ಕಟ್ಟಿ ಹಾಡೋದು) ಬಗ್ಗೆ ಜಾಸ್ತಿ ಹೇಳಲ್ಲ. ನಾಲ್ಕು ಜನ ಸೇರಿ, ಒಬ್ಬ ಬೀಟ್‌ಬಾಕ್ಸ್ ಮಾಡಲಿ, ಪಾರ್ಕಿನಲ್ಲಿ ನಿಂತು ಕಣ್ಣಿಗೆ ಬಿದ್ದದ್ದರ ಮೇಲೆ ಹಾಡಿ. ವಾಚ್‌ಮನ್ ಬಂದು ಎಬ್ಬಿಸಿದರೆ ಅವನ ಮೇಲೂ ಹಾಡಿ, ಮರ್ಯಾದೆಯಿಂದ.

ಬೀಟ್ ಎಲ್ಲಿಂದ

ಯೂಟ್ಯೂಬಿನಲ್ಲಿ 'ಫ್ರೀ' ಅಂತ ಇರುವ ಬೀಟ್‌ಗಳು ಹೆಚ್ಚಿನವು ಅಭ್ಯಾಸಕ್ಕೆ ಮಾತ್ರ ಫ್ರೀ. ಅದರ ಮೇಲೆ ಹಾಡಿ ದುಡ್ಡು ಮಾಡೋ ಹಾಗಿಲ್ಲ. ಕೆಳಗಿನ ಸಣ್ಣಕ್ಷರ ಓದದೆ ನಾನು ಹಾಕಿದ ಹಾಡಿನ ಮೇಲೆ ಕಂಟೆಂಟ್ ಐಡಿ (ಹಾಡು ಯಾರದ್ದು ಅಂತ ಯೂಟ್ಯೂಬ್ ತಾನೇ ಪತ್ತೆ ಮಾಡೋ ವ್ಯವಸ್ಥೆ) ಕ್ಲೇಮ್ ಬಂತು, ಜಾಹೀರಾತಿನ ಹಣ ಏನಿದ್ದರೂ ಬೀಟ್ ಮಾಡಿದವನಿಗೆ. ಹಣ ಇರಲೇ ಇಲ್ಲ, ಅದು ಬೇರೆ ಮಾತು.

ದುಡ್ಡು ಕೊಟ್ಟು ಲೀಸ್‌ಗೆ ತಗೊಂಡರೆ ಬಳಸಬಹುದು, ಆದರೆ ಅದೇ ಬೀಟನ್ನು ಅವನು ಇನ್ನೂ ಎಷ್ಟೋ ಜನಕ್ಕೆ ಕೊಟ್ಟಿರುತ್ತಾನೆ. ನನ್ನ ಒಂದು ಹಾಡಿನ ಬೀಟ್ ಮೇಲೆ ಬ್ರೆಜಿಲ್ ಹುಡುಗನೊಬ್ಬ ನನಗಿಂತ ಚೆನ್ನಾಗಿ ಹಾಡಿಟ್ಟಿದ್ದ. ಲೀಸ್ ಬೀಟಿನ ಹಾಡನ್ನು ನಿಮ್ಮ ಹೆಸರಲ್ಲಿ ಕಂಟೆಂಟ್ ಐಡಿಗೆ ಹಾಕಿಸಲೂ ಬಾರದು. ಎಕ್ಸ್‌ಕ್ಲೂಸಿವ್ ತಗೊಂಡರೆ ಮುಂದೆ ಬೇರೆಯವರಿಗೆ ಮಾರಲ್ಲ, ಬೆಲೆ ಜಾಸ್ತಿ.

ಇದೆಲ್ಲಕ್ಕಿಂತ ಒಳ್ಳೇದು, ನಿಮ್ಮ ಹಾಗೇ ಹೊಸಬನಾದ, ಬೀಟ್ ಮಾಡುವ ಒಬ್ಬ ಗೆಳೆಯನನ್ನು ಹುಡುಕಿಕೊಳ್ಳೋದು. ಹಾಡಿನಲ್ಲಿ ಅರ್ಧರ್ಧ ಪಾಲು ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗೆಳೆತನದಲ್ಲಿ ಇದೆಲ್ಲ ಯಾಕೆ ಅನ್ನಿಸುತ್ತೆ. ಗೆಳೆತನ ಉಳಿಯಲಿ ಅಂತಲೇ ಬರೆಯೋದು. ಅವನ ಹತ್ತಿರ ಎಂಪಿ3 ಅಲ್ಲ, ಧ್ವನಿ ಕುಗ್ಗಿಸದ ವೇವ್ ಫೈಲ್ ಮತ್ತು ಡ್ರಮ್, ಬೇಸ್ ಎಲ್ಲ ಬೇರೆಬೇರೆ ಇರುವ ಸ್ಟೆಮ್ಸ್ ಇಸ್ಕೊಳ್ಳಿ.

ವಚನ ಸೇರಿಸಬಹುದಾ ಅಂತ ಕೇಳ್ತಾರೆ. ಬಸವಣ್ಣನ ಸಾಲಿಗೆ ಯಾರ ಕಾಪಿರೈಟೂ ಇಲ್ಲ, ನೀವೇ ಹೇಳಿ ಸೇರಿಸಿ. ಆದರೆ ಯಾರೋ ರಾಗ ಹಾಕಿ ಹಾಡಿದ ರೆಕಾರ್ಡಿಂಗ್ ಕತ್ತರಿಸಿ ಹಾಕಬೇಡಿ, ಅದು ಅವರದ್ದು. ಕವಿತೆಗೆ ಕವಿ ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಕುವೆಂಪು ಹೋಗಿದ್ದು 1994ರಲ್ಲಿ, ಅಂದರೆ ಅವರ ಸಾಲುಗಳಿಗೆ 2054ರ ಕೊನೆಯವರೆಗೂ ಅನುಮತಿ ಬೇಕು.

ಬೀರುವಿನೊಳಗೆ ರೆಕಾರ್ಡಿಂಗ್

ಸಾಮಾನಿಗೆ ಎಸ್‌ಪಿ ರೋಡ್ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್) ಸುತ್ತಿ ಸುಸ್ತಾಗುವ ಮೊದಲು ಕೋಣೆ ನೋಡಿಕೊಳ್ಳಿ. ಚಪ್ಪಾಳೆ ತಟ್ಟಿ, ಗೋಡೆಯಿಂದ 'ಟಿಂಗ್' ಅಂತ ವಾಪಸ್ ಬಂದರೆ ಎಷ್ಟು ದುಬಾರಿ ಮೈಕ್ ತಂದರೂ ಬಾತ್‌ರೂಮಿನ ಧ್ವನಿಯೇ ಬರೋದು. ನಾನು ಬಟ್ಟೆ ತುಂಬಿದ ಬೀರು ತೆರೆದು, ಅದಕ್ಕೆ ಮುಖ ಮಾಡಿ, ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕಂಬಳಿ ಇಳಿಬಿಟ್ಟು ಹಾಡುತ್ತೇನೆ. ಫ್ಯಾನ್ ಆಫ್. ಏಪ್ರಿಲ್‌ನಲ್ಲಿ ಸತ್ತೇ ಹೋಗ್ತೀವಿ ಅನ್ನಿಸುತ್ತೆ. ರಾತ್ರಿ ಹನ್ನೊಂದರ ಮೇಲೆ ಬಸ್ಸಿನ ಸದ್ದು ಕಡಿಮೆ, ಕುಕ್ಕರೂ ಇಲ್ಲ. ನಾಯಿಗಳು ಮಾತ್ರ ಇರುತ್ತವೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಮೈಕ್ ಎರಡು ಥರ. ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಬರುವ ಕರೆಂಟ್) ಬೇಕು, ಅದು ಬೀದಿ ತುದಿಯ ಸೊಪ್ಪಿನವಳ ಕೂಗನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕ್ ಸ್ವಲ್ಪ ಕಿವುಡು, ಹತ್ತಿರದ್ದೇ ಕೇಳಿಸಿಕೊಳ್ಳುತ್ತೆ. ಬಾಡಿಗೆ ರೂಮಿನವರಿಗೆ ಕಿವುಡು ಮೈಕೇ ವಾಸಿ. ಜೊತೆಗೆ ಮೈಕನ್ನು ಕಂಪ್ಯೂಟರಿಗೆ ಜೋಡಿಸೋ ಒಂದು ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ, ಬ್ಯಾಂಡ್‌ಲ್ಯಾಬ್ ಉಚಿತ, ರೀಪರ್ 60 ದಿನ ಉಚಿತವಾಗಿ ನೋಡಬಹುದು. ಕ್ರ್ಯಾಕ್ (ಕದ್ದ ಸಾಫ್ಟ್‌ವೇರ್) ಹಾಕಿಕೊಂಡ ನನ್ನ ಲ್ಯಾಪ್‌ಟಾಪ್ ವೈರಸ್ ಹಿಡಿದು ಎರಡು ಹಾಡು ನುಂಗಿತು.

ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಜೋರಾಗಿ ಹಾಡಿದಾಗಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಗೇನ್ (ಮೈಕಿನ ಧ್ವನಿ ಮಟ್ಟ) ಇಡಿ, ಕೆಂಪು ಹತ್ತಿದರೆ ಆ ಟೇಕ್ ಹೋಯಿತು ಅಂತಲೇ ಲೆಕ್ಕ. 'ಪ', 'ಬ', 'ಭ' ಬಂದಾಗ ಗಾಳಿ ಬಡಿದು 'ಧಡ್' ಅನ್ನುತ್ತದೆ. ಇದನ್ನು ತಡೆಯೋ ಪಾಪ್ ಫಿಲ್ಟರ್ ಇಲ್ಲದಿದ್ದರೆ ಮೈಕಿನ ಮುಂದೆ ಉದ್ದಕ್ಕೆ ಒಂದು ಪೆನ್ಸಿಲ್ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಗಾಳಿ ಸೀಳಿಹೋಗುತ್ತದೆ. ನಿಜವಾಗಲೂ ಕೆಲಸ ಮಾಡುತ್ತೆ. ಇಡೀ ವರ್ಸ್ ಒಂದೇ ಉಸಿರಲ್ಲಿ ಹಾಡಬೇಕು ಅಂತ ಹಟ ಬೇಡ, ನಾಲ್ಕು ನಾಲ್ಕು ಬಾರ್ ಮಾಡಿ. ಮುಖ್ಯ ಟೇಕ್ ಆದ ಮೇಲೆ ಸಾಲಿನ ಕೊನೆ ಪದಗಳನ್ನಷ್ಟೇ ಇನ್ನೊಂದು ಸಲ ಹಾಡಿ, ಸಣ್ಣ ಧ್ವನಿಯಲ್ಲಿ ಕೆಳಗಿಡಿ. ಅದೇ ಡಬಲ್. ಎಲ್ಲ ಪದಕ್ಕೂ ಡಬಲ್ ಹಾಕಿದರೆ ಶಾಲೆ ಪ್ರಾರ್ಥನೆ ಥರ ಆಗುತ್ತೆ.

ಮಿಕ್ಸ್ ಆದ ಮೇಲೆ ಒಳ್ಳೇ ಹೆಡ್‌ಫೋನಿನಲ್ಲಿ ಅಲ್ಲ, ಫೋನಿನ ಸ್ಪೀಕರ್‌ನಲ್ಲಿ ಕೇಳಿ. ಒಂದು ಸಲ ಆಟೋದಲ್ಲೂ ಕೇಳಿ. ಅಲ್ಲಿ ಮಾತು ತಿಳಿದರೆ ಸಾಕು.

ಹಾಡು ನಿಮ್ಮದಾಗಿಯೇ ಇರಲಿ

ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದ ಡಿಸ್ಟ್ರಿಬ್ಯೂಟರ್‌ಗಳ ಮೂಲಕ ಎಲ್ಲ ಆ್ಯಪ್‌ಗಳಿಗೂ ನೀವೇ ಹಾಡು ಹಾಕಬಹುದು. ಸ್ಪಾಟಿಫೈ ಪ್ಲೇಲಿಸ್ಟ್‌ನವರಿಗೆ ಹಾಡು ಕಳಿಸಬೇಕಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕಳಿಸಿ. ನಾನು ಮೂರು ವಾರ ಮೊದಲೇ ಅಪ್‌ಲೋಡ್ ಮಾಡುತ್ತೇನೆ, ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ಹಾಡಿನ ಹೆಸರು ಕನ್ನಡ ಲಿಪಿಯಲ್ಲೂ ಇರಲಿ.

ಈಗ ಹೊಟ್ಟೆ ಉರಿಯುವ ಕಥೆ. ನನ್ನ ಮೂರನೇ ಹಾಡನ್ನು ಒಂದು ಮ್ಯೂಸಿಕ್ ಕಂಪನಿ 15 ಸಾವಿರ ಕೊಟ್ಟು ತಗೊಂಡಿತು. ಹದಿನಾಲ್ಕು ಪುಟದ ಕರಾರು, ಇಂಗ್ಲಿಷು. ಸಹಿ ಹಾಕಿ ಹೊರಗೆ ಬಂದು ಬಿರಿಯಾನಿ ತಿಂದೆ. ಆ ಹಾಡನ್ನು ಈಗ ನನ್ನ ಚಾನೆಲ್‌ನಲ್ಲಿ ನಾನೇ ಹಾಕೋ ಹಾಗಿಲ್ಲ. ಶಾಶ್ವತವಾಗಿ, ಇಡೀ ಪ್ರಪಂಚಕ್ಕೆ, ಅಂತ ಬರೆದಿತ್ತು. ಆಮೇಲೆ ತಿಳಿದದ್ದು, ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೇ ಅರ್ಥ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರು ಅಷ್ಟು ಜಾಗ್ರತೆಯಿಂದ ಬರೆದಿರೋದು! ನೀವೂ ಅಷ್ಟೇ ಜಾಗ್ರತೆಯಿಂದ ಓದಿ. ಎಷ್ಟು ವರ್ಷ, ಎಲ್ಲೆಲ್ಲಿ, ಮಾಸ್ಟರ್ ರೆಕಾರ್ಡಿಂಗ್ ಯಾರದ್ದು, ಸಾಹಿತ್ಯ ಯಾರದ್ದು, ನಿಮ್ಮ ಚಾನೆಲ್‌ನಲ್ಲಿ ಹಾಕಬಹುದಾ. ಈ ಐದಕ್ಕೆ ಉತ್ತರ ಸಿಗದೆ ಪೆನ್ ಮುಟ್ಟಬೇಡಿ. "ನಾಳೆ ಬೆಳಗ್ಗೆಯೊಳಗೆ ಸಹಿ ಬೇಕು" ಅಂದರೆ ಅಲ್ಲಿಂದ ಎದ್ದು ಬನ್ನಿ.

ನೀವು ಬರೆದ ಸಾಹಿತ್ಯಕ್ಕೆ ಬರುವ ರಾಯಲ್ಟಿ ಬೇರೆ ಇದೆ. 2012ರ ತಿದ್ದುಪಡಿ ಆದ ಮೇಲೆ ಬರೆದವರ ಆ ಪಾಲನ್ನು ಸುಮ್ನೆ ಬರೆಸಿಕೊಂಡುಬಿಡೋಕೆ ಆಗಲ್ಲ. ಅದನ್ನು ವಸೂಲಿ ಮಾಡಿಕೊಡೋ ಸಂಸ್ಥೆ ಐಪಿಆರ್‌ಎಸ್, ರ‍್ಯಾಪರ್ ಕೂಡ ಗೀತರಚನೆಕಾರನೇ ಅಲ್ವಾ, ಸದಸ್ಯರಾಗಿ.

ದುಡ್ಡು ಮತ್ತು ಸ್ಟೇಜು

ಕೆಲಸ ಬಿಡಬೇಡಿ. ಸ್ಪಾಟಿಫೈನಲ್ಲಿ ಒಂದು ಹಾಡಿಗೆ ವರ್ಷದಲ್ಲಿ 1,000 ಸ್ಟ್ರೀಮ್ ಆಗದಿದ್ದರೆ ಪೈಸೆಯೂ ಇಲ್ಲ, 2024ರಿಂದ ಈ ನಿಯಮ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್, ಜೊತೆಗೆ ವರ್ಷಕ್ಕೆ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ. ಅದು ದಾಟಿದ ಮೇಲೂ ಬರೋದು ಟೀ ಖರ್ಚು. ನನಗೆ ನಿಜವಾಗಿ ದುಡ್ಡು ಬಂದದ್ದು ಕಾಲೇಜ್ ಫೆಸ್ಟ್, ಒಂದು ಜಿಮ್ ಜಾಹೀರಾತು, ಚುನಾವಣೆ ಸಮಯದಲ್ಲಿ ಒಬ್ಬ ಅಭ್ಯರ್ಥಿಯ ಪ್ರಚಾರದ ಹಾಡು (ಅವರು ಸೋತರು, ಹಾಡು ಚೆನ್ನಾಗಿತ್ತು), ಮತ್ತೆ ನವೆಂಬರ್. ಕನ್ನಡ ರ‍್ಯಾಪರ್‌ಗೆ ನವೆಂಬರ್ ಅಂದರೆ ಸುಗ್ಗಿ. ತಿಂಗಳಿಡೀ ರಾಜ್ಯೋತ್ಸವ, ಒಂದೇ ವಾರಾಂತ್ಯಕ್ಕೆ ಮೂರು ಕಡೆ ಕರೀತಾರೆ. ಆಗಸ್ಟ್‌ನಲ್ಲೇ 20 ನಿಮಿಷದ ಸೆಟ್ ರೆಡಿ ಇಟ್ಟುಕೊಳ್ಳಿ.

ಸ್ಟೇಜ್ ಟ್ರ್ಯಾಕ್‌ನಲ್ಲಿ ಹುಕ್‌ನ (ಮತ್ತೆ ಮತ್ತೆ ಬರುವ ಪಲ್ಲವಿಯ) ಹಿನ್ನೆಲೆ ಧ್ವನಿ ಮಾತ್ರ ಬಿಡಿ, ವರ್ಸ್ ಪೂರ್ತಿ ನಿಮ್ಮ ಬಾಯಿಂದಲೇ ಬರಬೇಕು. ಎರಡು ಪೆನ್‌ಡ್ರೈವ್ ಒಯ್ಯಿರಿ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬೇಡಿ, ವಿಡಿಯೋದಲ್ಲಿ ಸ್ಟೈಲಾಗಿ ಕಾಣುತ್ತೆ, ಆದರೆ ಧ್ವನಿ ಡಬ್ಬದೊಳಗಿಂದ ಬಂದಂತಾಗಿ ಆಮೇಲೆ ಕುಯ್ಯೋ ಅಂತ ಕೂಗುತ್ತದೆ. ಮೈಕ್ ಸೆಟ್‌ನವರ ಹತ್ತಿರ ಮೊದಲೇ ಹೋಗಿ "ಅಣ್ಣಾ, ಟ್ರ್ಯಾಕ್ ಸ್ವಲ್ಪ ಕಮ್ಮಿ, ಮಾತು ಮುಂದೆ ಇರಲಿ" ಅಂತ ಹೇಳಿ, ಒಂದು ಟೀ ಕೊಡಿಸಿ. ಮನೆಯಲ್ಲಿ ಜಾಗಿಂಗ್ ಮಾಡ್ತಾ ಇಡೀ ಸೆಟ್ ಹಾಡಿ ಅಭ್ಯಾಸ ಮಾಡಿ, ಉಸಿರು ಎಲ್ಲಿ ಸಾಲದು ಅಂತ ಗೊತ್ತಾಗುತ್ತೆ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಭಾಷಣ, ಸನ್ಮಾನ ಎಲ್ಲ ಎಳೆದು ನಿಮ್ಮ 20 ನಿಮಿಷ 8 ನಿಮಿಷ ಆಗುತ್ತದೆ. ಹಾಗಾಗಿ ಒಳ್ಳೇ ಹಾಡು ಮೊದಲು ಹಾಡಿಬಿಡಿ.

ಅರ್ಧ ಹಣ ಊರು ಬಿಡುವ ಮೊದಲು ಫೋನ್‌ಪೇನಲ್ಲಿ, ಉಳಿದರ್ಧ ಸ್ಟೇಜ್ ಹತ್ತುವ ಮೊದಲು. ಟಿಡಿಎಸ್ ಅಂತ ಶೇಕಡಾ 10 ಹಿಡಿದುಕೊಂಡರೆ ಪ್ಯಾನ್ ನಂಬರ್ ಸರಿಯಾಗಿ ಕೊಟ್ಟಿರಿ, ರಿಟರ್ನ್ ಹಾಕಿದಾಗ ವಾಪಸ್ ಬರಬಹುದು. ಹಣ ಮೊದಲೇ ಅನ್ನೋ ಈ ನಿಯಮ ನಾನು ಮಾಡಿಕೊಂಡದ್ದು ಒಂದು ತಾಲ್ಲೂಕಿನ ರಾಜ್ಯೋತ್ಸವ ಆದ ಮೇಲೆ. ಹಾಡಿ ಮುಗಿಸಿ ಕೆಳಗಿಳಿದೆ. ಸಂಘಟಕರು ಶಾಲು ಹೊದಿಸಿದರು, ಹಾರ ಹಾಕಿದರು, ತಲೆಗೆ ಮೈಸೂರು ಪೇಟ ಇಟ್ಟರು, ಫೋಟೋ ತೆಗೆದರು. ದುಡ್ಡಿನ ಮಾತು ಎತ್ತುವಷ್ಟರಲ್ಲಿ ಅವರ ಫೋನ್ ಸ್ವಿಚ್ಡ್ ಆಫ್. ಬೆಳಗಿನ ಜಾವ ನಾಲ್ಕಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಚಳಿಗೆ ಶಾಲು ಹೊದ್ದು ಕೂತಿದ್ದೆ, ಪೇಟ ಬ್ಯಾಗಿನಲ್ಲಿ ಹಿಡಿಸದೆ ತಲೆ ಮೇಲೇ ಇತ್ತು. ಕಂಡಕ್ಟರ್ ಬಂದು, "ಮದುವೆ ಯಾವೂರಲ್ಲಿ ಸಾರ್?" ಅಂತ ಕೇಳಿ ಟಿಕೆಟ್ ಹರಿದುಕೊಟ್ಟರು.